ಬೀಡಿ ಸುತ್ತುವ ಕೈಯ ಹೆಸರು

ನಮ್ಮ ಯಜಮಾನರು ಸಮಾಜವಾದಿ. ಹಾಗಂತ ಅವರೇ ಹೇಳುತ್ತಿದ್ದರು, ಹರಿಹರದ ಜನವೂ ಹೇಳುತ್ತಿತ್ತು, ಚುನಾವಣೆ ಗೆದ್ದ ಮೇಲೆ ದಾವಣಗೆರೆಯ ಗಿರಣಿ ಗೇಟಿನ ಮುಂದೆ ಮೈಕಿನಲ್ಲೂ ಹೇಳಿದರು. ಮನೆಯಲ್ಲಿ ಮಾತ್ರ ಅವರು ಕುಡಿದ ಲೋಟ ಕುಡಿದಲ್ಲೇ ಇರುತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಮ್ಮತ್ತೆ ಬದುಕಿರುವ ತನಕ ಮಗನನ್ನು ಹಂಗಿಸಿದರು. ನಾನು ಅಷ್ಟು ದೂರ ಹೋಗುವುದಿಲ್ಲ. ಒಳ್ಳೆಯ ಮನುಷ್ಯ. ಮೊದಲು ಮೇಷ್ಟರಾಗಿದ್ದವರು, ಆಮೇಲೆ ಕೂಲಿಕಾರರ ಸಂಘ ಕಟ್ಟಲು ಕೆಲಸ ಬಿಟ್ಟವರು. ಶಾಸಕರಾದ ಮೇಲೂ ಊರಿಗೆಲ್ಲ ಮೇಷ್ಟ್ರೇ.

ಅವರ ಹೆಸರನ್ನು ನಾನು ಹೇಳುವುದಿಲ್ಲ. ನಮ್ಮ ಕಡೆ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಯಾರಾದರೂ ಕೇಳಿದರೆ ಪಕ್ಕದಲ್ಲಿ ನಿಂತವಳು ಹೇಳುತ್ತಾಳೆ, ಅವಳ ಗಂಡನದನ್ನು ನಾವು ಹೇಳುತ್ತೇವೆ. ಹಿಂದೂಗಳಲ್ಲೂ ಅಷ್ಟೇ, ಮುಸಲ್ಮಾನರಲ್ಲೂ ಅಷ್ಟೇ. ಬೀಡಿ ಮಸೂದೆ ಬರುವ ತನಕ ಈ ಪದ್ಧತಿಯಿಂದ ಯಾರಿಗೂ ಏನೂ ತೊಂದರೆ ಆದದ್ದನ್ನು ನಾನು ಕಂಡಿರಲಿಲ್ಲ.

ಅದು ಐವತ್ತೊಂಬತ್ತನೇ ಇಸವಿ. ಹರಿಹರದ ಕೋಟೆ ಕೇರಿಯಿಂದ ದಾವಣಗೆರೆಯ ಸಂದಿಗೊಂದಿಗಳವರೆಗೆ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಕಂಪನಿಯ ಎಲೆ, ಹೊಗೆಸೊಪ್ಪಿನ ಪುಡಿ ಗುತ್ತಿಗೆದಾರನ ಕೈಯಿಂದ ಮನೆಗೆ ಬರುತ್ತಿತ್ತು, ಸುತ್ತಿದ ಬೀಡಿ ಅವನ ಕೈಯಿಂದಲೇ ಕಂಪನಿಗೆ ಹೋಗುತ್ತಿತ್ತು. ನಡುವೆ ಅವನು ಇದು ಸಡಿಲ, ಅದು ಸೊಟ್ಟ ಎಂದು ಒಂದಷ್ಟನ್ನು ಕೂಲಿ ಕೊಡದೆ ಎತ್ತಿಟ್ಟುಕೊಳ್ಳುತ್ತಿದ್ದ. ಆ ಸೊಟ್ಟ ಬೀಡಿಯನ್ನೂ ಜನ ಸಂತೆಯಲ್ಲಿ ಕಾಸು ಕೊಟ್ಟು ಕೊಂಡು ಸೇದುತ್ತಿದ್ದರು. ಇದಕ್ಕೆಲ್ಲ ಮದ್ದು ಎಂದು ಸರ್ಕಾರ ಒಂದು ಮಸೂದೆ ತಂದಿತು. ಇನ್ನು ಮೇಲೆ ಬೀಡಿಯನ್ನು ಪರವಾನಗಿ ಪಡೆದ ಶೆಡ್ಡಿನಲ್ಲೇ ಸುತ್ತಬೇಕು. ಅಲ್ಲಿ ಗಾಳಿ ಬೆಳಕು ಇರಬೇಕು, ಕುಡಿಯುವ ನೀರಿರಬೇಕು, ಕೆಲಸಕ್ಕೆ ಇಂತಿಷ್ಟು ಹೊತ್ತು ಎಂದಿರಬೇಕು. ಮನೆಯಲ್ಲಿ ಸುತ್ತಿಸಿದರೆ ಅಪರಾಧ.

ವಿರೋಧ ಪಕ್ಷದಲ್ಲಿದ್ದರೂ ಯಜಮಾನರಿಗೆ ಅದು ಹಬ್ಬದ ಸುದ್ದಿ. ಶೆಡ್ಡು ಬಂದರೆ ಸಂಘ ಬರುತ್ತದೆ, ಸಂಘ ಬಂದರೆ ಕೂಲಿ ಏರುತ್ತದೆ ಎಂದು ಊಟದ ಎಲೆಯ ಮುಂದೆ ಕೂತೇ ಭಾಷಣ ಮಾಡಿದರು. ಬೀಡಿ ಸುತ್ತುವ ಗುತ್ತೂರಿನ ಕರಿಯವ್ವ ಮೊಲೆಗೂಸನ್ನೂ ಹಾಸಿಗೆ ಹಿಡಿದ ಅತ್ತೆಯನ್ನೂ ಬಿಟ್ಟು ಶೆಡ್ಡಿಗೆ ಹೇಗೆ ಬರುತ್ತಾಳೆ ಎಂದು ನಾನು ಕೇಳಿದೆ. ದೊಡ್ಡ ಬದಲಾವಣೆ ಆಗುವಾಗ ಸ್ವಲ್ಪ ತೊಂದರೆ ಇದ್ದದ್ದೇ ಎಂದರು. ತೊಂದರೆ ಯಾರಿಗೆ ಎಂದೆ. ಅವರು ಮಜ್ಜಿಗೆ ಕೇಳಿದರು.

ಮಸೂದೆಯನ್ನು ಪರಿಶೀಲಿಸಲು ಶಾಸಕರ ಒಂದು ಸಮಿತಿ ಊರೂರು ತಿರುಗುತ್ತಾ ಹರಿಹರಕ್ಕೂ ಬಂತು. ಯಜಮಾನರು ಆ ಸಮಿತಿಯಲ್ಲಿರಲಿಲ್ಲ. ಸಮಿತಿಯವರು ಹೊಳೆಯ ಕಡೆಗಿದ್ದ ಸರ್ಕಾರಿ ಬಂಗಲೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬೀಡಿ ಸುತ್ತುವವರೇ ಬಂದು ಸಾಕ್ಷ್ಯ ಹೇಳಲಿ ಎಂದರು. ಹೆಂಗಸರು ನಿರ್ಭಯವಾಗಿ ಮಾತಾಡಲಿ ಎಂದು ಗಂಡಸರನ್ನೆಲ್ಲ ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಅಷ್ಟು ಒಳ್ಳೆಯ ಬುದ್ಧಿ ಅವರಿಗಿತ್ತು. ಬೆಂಗಳೂರಿನಿಂದ ಬಂದ ಗುಮಾಸ್ತ ತಲೆ ಬಗ್ಗಿಸಿಕೊಂಡೇ ಹೆಸರು ಹೇಳಿ ಎಂದ. ಮೊದಲು ನಿಂತಿದ್ದವಳು ಕರಿಯವ್ವ. ಅಧಿಕಾರಿಗಳು ಹೆಸರು ಕೇಳಿದರೆಂದರೆ ಮನೆಯ ಗಂಡಸಿನ ಹೆಸರು ಎಂದೇ ನಮ್ಮಲ್ಲಿ ಲೆಕ್ಕ. ರೇಷನ್ನಿಗೂ ಕಂದಾಯಕ್ಕೂ ಅದನ್ನೇ ಕೇಳುತ್ತಾರೆ. ಅವಳು ಸೆರಗು ಬಾಯಿಗೆ ಹಿಡಿದು ಪಕ್ಕದವಳ ಕಡೆ ನೋಡಿದಳು. ಪಕ್ಕದವಳು ಗುತ್ತೆಪ್ಪ ಎಂದಳು. ಗುಮಾಸ್ತ ಬರೆದುಕೊಂಡ. ಮುಂದಿನವಳ ಗಂಡನ ಹೆಸರನ್ನು ಕರಿಯವ್ವ ಹೇಳಿದಳು. ಹೀಗೆ ಒಬ್ಬರ ಋಣ ಇನ್ನೊಬ್ಬರು ತೀರಿಸುತ್ತಾ ಎಲ್ಲರೂ ಸಾಕ್ಷ್ಯ ಹೇಳಿ ಮುಗಿಸಿದರು. ನಾನು ಅಲ್ಲೇ ನೀರು ಕೊಡುತ್ತಾ ನಿಂತಿದ್ದೆ. ಇದರಲ್ಲಿ ಏನಾದರೂ ತಪ್ಪಿದೆ ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ಮಾಬೂಬೀ ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ಬಂದಳು. ಮುಂಬಾಗಿಲಲ್ಲಿ ಯಜಮಾನರ ಜೊತೆ ಗಂಡಸರು ಕೂತಿರುತ್ತಿದ್ದರಿಂದ ಹೆಂಗಸರ ಶಾಸಕಿ ನಾನೇ, ನನ್ನ ವಿಧಾನಸಭೆ ಅಡುಗೆಮನೆ. ಮಾಬೂಬೀ ಗಂಡ ತೀರಿದ ಮೇಲೆ ಭಾವ ಮಕ್ತುಮ್ ಸಾಬರ ಮನೆಯಲ್ಲಿದ್ದಳು. ಮಕ್ತುಮ್ ಸಾಬರು ಕೋಟೆ ಕೇರಿಯ ಬೀಡಿ ಗುತ್ತಿಗೆದಾರರು. ಕೆಟ್ಟವರೆಂದು ಅವರ ಶತ್ರುವೂ ಹೇಳಲಾರ. ಅವಳಿಗೂ ಮಗಳಿಗೂ ಊಟ ಬಟ್ಟೆಗೆ ಕೊರತೆ ಮಾಡಿರಲಿಲ್ಲ. ಆದರೆ ಮನೆಯ ಹೆಂಗಸರೆಲ್ಲ ಸುತ್ತಿದ ಬೀಡಿ, ಕಂಪನಿ ಎಲೆ ಕೂಲಿಯ ಲೆಕ್ಕ ಬರೆದುಕೊಡುವ ಅವರೊಬ್ಬರ ಕಾರ್ಡಿಗೆ ಹೋಗುತ್ತಿತ್ತು, ಕೂಲಿ ಅವರೊಬ್ಬರ ಜೇಬಿಗೆ ಬರುತ್ತಿತ್ತು. ಈಗ ಮಾಬೂಬೀಯ ಮಗಳು ಮುಮ್ತಾಜಳನ್ನೂ ಸ್ಕೂಲು ಬಿಡಿಸಿ ಮೊರದ ಮುಂದೆ ಕೂರಿಸಿದ್ದರು.

ಮಾಬೂಬೀ ಮಗಳನ್ನು ಕರೆದುಕೊಂಡು ಬೇರೆ ಇರಬೇಕೆಂದು ನಿಶ್ಚಯಿಸಿದ್ದಳು. ಒಂದು ಕೋಣೆ ನೋಡಿದ್ದಳು. ಬಾಡಿಗೆ ಕಟ್ಟಲು ಕೈಯಲ್ಲಿ ಕಸುಬಿತ್ತು. ದಾವಣಗೆರೆಯ ಕಂಪನಿ ಡಿಪೋಕ್ಕೆ ಹೋಗಿ ನನಗೇ ಎಲೆ ಕೊಡಿ ಎಂದು ಕೇಳಿದರೆ, ನೀನು ಯಾರು, ನಿನ್ನ ಹೆಸರು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ವಾಪಸು ಕಳಿಸಿದ್ದರಂತೆ. ಬುದ್ಧಿ ಬಂದಾಗಿನಿಂದ ಆ ಕಂಪನಿಯ ಬೀಡಿ ಸುತ್ತಿದವಳಿಗೆ ಈ ಮಾತು.

"ಶೆಡ್ಡಾದ್ರೂ ಸರಿ, ಮನಿಯಾದ್ರೂ ಸರಿ ಅಕ್ಕಾ," ಎಂದಳು. "ಕಾರ್ಡು ನನ್ನ ಹೆಸರಾಗ ಇರಬೇಕು. ಅಷ್ಟಾದ್ರೆ ಉಳಿದದ್ದು ನಾ ನೋಡ್ಕಂತೀನಿ. ಮೇಷ್ಟ್ರಿಗೆ ಹೇಳ್ರಿ."

ಹೇಳಿದೆ. ಅದು ಅವರ ಮನೆತನದ ವಿಷಯ, ಖಾಸಗಿ ವಿಷಯ, ಕಾನೂನು ಹೊಸ್ತಿಲು ದಾಟಿ ಒಳಗೆ ಬರಬಾರದು ಎಂದು ಯಜಮಾನರು ತೂಕದ ಮಾತಾಡಿದರು. ನನಗೆ ಉರಿದುಹೋಯಿತು.

"ಕಂಪನಿ ಎಲೆ ಹೊಸ್ತಿಲು ದಾಟಿ ಬರತೈತೆ," ಎಂದೆ. "ಗುತ್ತಿಗೆದಾರ ದಾಟಿ ಬರತಾನೆ. ನಿಮ್ಮ ಸಮಾಜವಾದ ಒಂದಕ್ಕೆ ಮಾತ್ರ ಚಪ್ಪಲಿ ಬಿಚ್ಚಿ ಒಳಗ ಬರಾಕೆ ಆಗಂಗಿಲ್ಲೇನು?"

ಅವರು ಹೊರಗೆ ಹೋಗಿ ಹೊಳೆಯ ದಂಡೆಯಲ್ಲಿ ಒಬ್ಬರೇ ತಿರುಗಾಡಿ ಬಂದರು. ಬಂದವರು ಒಂದು ತಿದ್ದುಪಡಿ ಬರೆದು ನನಗೆ ಓದಿ ತೋರಿಸಿದರು. ಬೀಡಿ ಸುತ್ತುವ ಕೈ ಯಾರದೋ ಕಾರ್ಡು ಅವರ ಹೆಸರಿನಲ್ಲಿಯೇ ಇರತಕ್ಕದ್ದು. ಶೆಡ್ಡಿನಲ್ಲಿ ಸುತ್ತುವುದೋ ಮನೆಯಲ್ಲಿ ಸುತ್ತುವುದೋ ಅವರ ಇಚ್ಛೆಗೆ ಬಿಟ್ಟದ್ದು. ಮದುವೆಯಾದ ಮೇಲೆ ಅವರು ನನ್ನ ಮಾತು ಕೇಳಿ ಏನನ್ನಾದರೂ ಬರೆದದ್ದು ಅದೇ ಮೊದಲು.

ಬೆಂಗಳೂರಿನಿಂದ ಪಕ್ಷದ ನಾಯಕರು ಹೇಳಿ ಕಳಿಸಿದರು: ಶೆಡ್ಡು ನಮ್ಮದೇ ಹಳೆಯ ಬೇಡಿಕೆ, ಈಗ ಮನೆ ಎಂದರೆ ಮಾಲೀಕರ ಪರ ನಿಂತಂತಾಗುತ್ತದೆ, ತಿದ್ದುಪಡಿ ಬೇಡ, ಹಟ ಮಾಡಿದರೆ ಮುಂದಿನ ಚುನಾವಣೆಗೆ ನಿಮ್ಮ ದಾರಿ ನಿಮಗೆ. ಯಜಮಾನರು ರೈಲಿಗೆ ಚೀಲ ಕಟ್ಟಿದರು. ನಾನೂ ನನ್ನ ಚೀಲ ಕಟ್ಟಿದೆ. ನೀನು ಯಾಕೆ ಎಂದರು. ನೀವು ದಾರಿಯಲ್ಲಿ ಮನಸ್ಸು ಬದಲಿಸಬಾರದು ಅಂತ ಎಂದೆ.

ವಿಧಾನಸೌಧದ ಕಲ್ಲಿಗೆ ಆಗಿನ್ನೂ ಹೊಸ ಕಲ್ಲಿನ ಬಿಳುಪಿತ್ತು. ಗ್ಯಾಲರಿಯಲ್ಲಿ ಕೂರುವವರು ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ಬಾಗಿಲಲ್ಲಿ ಹೇಳಿ ಒಳಗೆ ಬಿಟ್ಟರು. ಕೆಳಗೆ ನೋಡಿದರೆ ದೊಡ್ಡವರೆಲ್ಲ ಸ್ಕೂಲು ಹುಡುಗರಂತೆ ಸಾಲಾಗಿ ಕೂತಿದ್ದರು. ನಿದ್ದೆ ಮಾಡುವವರೂ ಇದ್ದರು.

ಮೊದಲು ಎದ್ದವರು ದಾವಣಗೆರೆಯ ಕೆಂಚವೀರಪ್ಪನವರು. ಸರ್ಕಾರದ ಕಡೆಯವರೇ, ಆದರೆ ಬೀಡಿ ಕಂಪನಿಯ ಮಾಲೀಕರು. ಮಾಬೂಬೀ ಸುತ್ತುತ್ತಿದ್ದದ್ದು ಇವರ ಬೀಡಿಯನ್ನೇ. ವ್ಯಕ್ತಿಸ್ವಾತಂತ್ರ್ಯ ಎಂಬ ಮಾತನ್ನು ಅವರು ಎಷ್ಟು ಸಲ ಅಂದರೆಂದರೆ, ದೇವರ ನಾಮ ಅಷ್ಟು ಸಲ ಅಂದಿದ್ದರೆ ಮೋಕ್ಷವೇ ಸಿಗುತ್ತಿತ್ತು. ಬಡ ಹೆಣ್ಣುಮಗಳು ತನ್ನ ಮನೆಯ ನೆರಳಲ್ಲಿ ಮಾನದಿಂದ ದುಡಿಯುತ್ತಾಳೆ, ಅವಳನ್ನು ಬೀದಿಗೆ ಎಳೆಯುವುದು ಸಮಾಜವಾದವೇ, ನಾಳೆ ಸರ್ಕಾರದ ಇನ್‌ಸ್ಪೆಕ್ಟರು ಹೆಂಗಸರಿರುವ ಕೋಣೆಗೆ ನುಗ್ಗುತ್ತಾನೆ, ಇದು ರಷ್ಯಾ ದೇಶವೇ ಎಂದು ಕೇಳಿದರು. ಬೆಂಚು ಕುಟ್ಟಿದರು. ತೋಳ ಕುರಿಗೆ ಚಳಿಯಾಗುತ್ತದೆ ಎಂದು ಅತ್ತ ಹಾಗಿತ್ತು.

ಆಮೇಲೆ ಮಂತ್ರಿಗಳು ಎದ್ದರು. ಕತ್ತಲ ಕೋಣೆಯಲ್ಲಿ ಕೂತು ಕೆಮ್ಮುವ ಸ್ವಾತಂತ್ರ್ಯ ಯಾರಿಗೂ ಬೇಡ, ದೇಶ ಸಮಾಜವಾದಿ ಮಾದರಿಯ ಕಡೆಗೆ ಹೆಜ್ಜೆ ಇಟ್ಟಾಗಿದೆ, ಒಳ್ಳೆಯದನ್ನು ಕೆಲವೊಮ್ಮೆ ಒತ್ತಾಯದಿಂದಲೇ ಮಾಡಬೇಕಾಗುತ್ತದೆ ಎಂದರು. ಅಷ್ಟಕ್ಕೂ ಹೆಂಗಸರ ಮಾತು ಇಲ್ಲಿ ಬರುವುದೇ ಇಲ್ಲ, ಸಮಿತಿಯ ವರದಿಯ ಪ್ರಕಾರ ಹರಿಹರದಲ್ಲಿ ಸಾಕ್ಷ್ಯ ನುಡಿದವರೆಲ್ಲ ಗಂಡಸರು ಎಂದು ಸೇರಿಸಿದರು. ನಾನು ಗ್ಯಾಲರಿಯಲ್ಲಿ ಅರ್ಧ ಎದ್ದು, ಮತ್ತೆ ಕೂತೆ. ಆ ಜಗಲಿಯಲ್ಲಿ ನಾನು ನೀರು ಕೊಟ್ಟದ್ದು ಹೆಂಗಸರಿಗೋ ಅಲ್ಲವೋ ಎಂದು ನನಗೇ ಅನುಮಾನ ಬರುವಷ್ಟು ಗಟ್ಟಿಯಾಗಿ ಹೇಳಿದ್ದರು ಆ ಮನುಷ್ಯ.

ಸಭಾಧ್ಯಕ್ಷರು ಯಜಮಾನರ ಹೆಸರು ಕರೆದರು. ಪಕ್ಷದ ನಾಯಕರು ಅವರ ಶಲ್ಯ ಹಿಡಿದು ಜಗ್ಗಿದ್ದು ಮೇಲಿಂದಲೂ ಕಂಡಿತು. ಯಜಮಾನರು ಶಲ್ಯವನ್ನು ಅವರ ಕೈಯಲ್ಲೇ ಬಿಟ್ಟು ಎದ್ದು ನಿಂತರು.

ಇಬ್ಬರ ಮಾತೂ ಕೇಳಿದೆ ಎಂದರು. ಒಬ್ಬರು ಹೆಣ್ಣುಮಕ್ಕಳ ಮಾನ ಕಾಯುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಬೆಳಕು ಕೊಡುತ್ತೇನೆ ಎನ್ನುತ್ತಾರೆ, ಆ ಹೆಣ್ಣುಮಕ್ಕಳು ಏನೆನ್ನುತ್ತಾರೆ ಎಂಬುದು ಇದೇ ವರದಿಯಲ್ಲಿದೆ, ಓದುತ್ತೇನೆ ಎಂದು ಪುಟ ತಿರುವಿದರು. ಅವರ ಓದು ಮೇಷ್ಟರ ಓದು, ಹಿಂದಿನ ಬೆಂಚಿಗೂ ಕೇಳುತ್ತದೆ.

"ಗುತ್ತೂರಿನ ಗುತ್ತೆಪ್ಪ ಎಂಬವರ ಸಾಕ್ಷ್ಯ: ನನಗ ಮೊಲೆಗೂಸು ಐತೆ, ಹಾಲು ಕುಡಿಸೋದು ಬಿಟ್ಟು ಶೆಡ್ಡಿಗೆ ಹೆಂಗೆ ಬರ್ಲಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಹದಡಿಯ ಅಂಜಿನಪ್ಪ ಎಂಬವರ ಸಾಕ್ಷ್ಯ: ನಾನೀಗ ತುಂಬಿದ ಬಸುರಿ, ಅಷ್ಟು ದೂರ ನಡೆಯಾಕೆ ಆಗಂಗಿಲ್ಲ."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಮಂತ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಭಾಧ್ಯಕ್ಷರು ಗಂಟೆ ಬಾರಿಸುತ್ತಾ ತಾವೂ ನಗುತ್ತಿದ್ದರು. ಕೆಂಚವೀರಪ್ಪನವರು ಮಾತ್ರ ನಗಲಿಲ್ಲ, ವ್ಯಾಪಾರಸ್ಥರು, ಮುಂದೇನು ಬರುತ್ತದೆ ಎಂಬುದು ಅವರಿಗೆ ವಾಸನೆ ಹೊಡೆದಿತ್ತು. ಯಜಮಾನರು ನಗು ಮುಗಿಯುವ ತನಕ ಕಾದು ಮೂರನೆಯದನ್ನು ಓದಿದರು.

"ಹರಿಹರದ ಮಕ್ತುಮ್ ಸಾಬ್ ಎಂಬವರ ಸಾಕ್ಷ್ಯ: ಗಂಡ ತೀರಿಕೊಂಡ ಮ್ಯಾಲೆ ಭಾವನ ಮನಿಯಾಗ ಅದೀನಿ. ನಾ ಸುತ್ತಿದ ಬೀಡಿ ಕೂಲಿ ನನ್ನ ಕೈಗೆ ಬರಂಗಿಲ್ಲ. ನಾ ಸತ್ತರೂ ನಾ ಬೀಡಿ ಸುತ್ತಿದ್ದೆ ಅಂತ ಎಲ್ಲೂ ಇರಂಗಿಲ್ಲ."

ಇದಕ್ಕೆ ಯಾರೂ ನಗಲಿಲ್ಲ. ಮಾಬೂಬೀ ಆ ಜಗಲಿಯಲ್ಲಿ ಇಷ್ಟು ಹೇಳಿದ್ದಳೆಂದು ನನಗೂ ಗೊತ್ತಿರಲಿಲ್ಲ, ನಾನಾಗ ಕೊಡ ತುಂಬಲು ಹೋಗಿದ್ದೆ. ಯಜಮಾನರು ವರದಿಯನ್ನು ಮುಚ್ಚಿದರು.

"ಗಂಡಸು ಬಸುರಿ ಅಂದಾಗ ನಿಮಗೆಲ್ಲ ನಗು ಬಂತು, ಸರಿ," ಎಂದರು. "ಹೆಂಗಸು ದುಡಿದ ಕೂಲಿಯನ್ನ ಗಂಡಸಿನ ಹೆಸರಿಗೆ ಬರೆಯುವಾಗ ಇಷ್ಟು ವರ್ಷ ಯಾಕೆ ನಗು ಬರಲಿಲ್ಲ?"

ಆಮೇಲೆ ಎರಡೂ ಕಡೆಗೆ ತಿರುಗಿ ತಿರುಗಿ ಹೇಳಿದರು. ಇನ್‌ಸ್ಪೆಕ್ಟರು ಒಳಗೆ ಬರಬಾರದು ಎನ್ನುವ ಮಾಲೀಕರು ತಮ್ಮ ಗುತ್ತಿಗೆದಾರ ಯಾವ ಬಾಗಿಲಿಂದ ಹೋಗುತ್ತಾನೆಂದು ಹೇಳಲಿ. ಅವರು ಕಾಯುತ್ತಿರುವ ಸ್ವಾತಂತ್ರ್ಯ ಅವರ ತಿಜೋರಿಯದು. ಒತ್ತಾಯದಿಂದ ಒಳ್ಳೆಯದು ಮಾಡುತ್ತೇನೆ ಎನ್ನುವ ಮಂತ್ರಿಗಳು ಒಳ್ಳೆಯದು ಯಾರಿಗೆ ಎಂದು ಕೇಳಿದ್ದಾರೆಯೇ. ಸಮಾಜವಾದ ನನಗೂ ಬೇಕು, ಅದಕ್ಕಾಗಿ ಜೈಲಿಗೂ ಹೋಗಿದ್ದೇನೆ, ಆದರೆ ಹೆಸರನ್ನೂ ಕೇಳದೆ ಒಬ್ಬಳನ್ನು ಉದ್ಧಾರ ಮಾಡಲು ಹೊರಡುವುದು ದೌಲತ್ತು ಎಂದರು. ಸಭಾಧ್ಯಕ್ಷರು ಆ ಮಾತು ಹಿಂದೆಗೆದುಕೊಳ್ಳಿ ಎಂದರು. ಹಿಂದೆಗೆದುಕೊಳ್ಳುವುದಿಲ್ಲ ಎಂದರು ಯಜಮಾನರು. ನನ್ನ ಎದೆ ಉಬ್ಬಿತು. ನನ್ನ ಗಂಡನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಮಂತ್ರಿಗಳಿಗೆ ವರದಿಯ ಮಾನ ಹೋದದ್ದು ಗೊತ್ತಾಗಿತ್ತು. ತಿದ್ದುಪಡಿಯ ಮೊದಲ ಭಾಗ ಒಪ್ಪುತ್ತೇನೆ, ಕಾರ್ಡು ಸುತ್ತುವವರ ಹೆಸರಿನಲ್ಲಿರಲಿ, ಮನೆಯಲ್ಲಿ ಸುತ್ತುವ ಮಾತು ಮಾತ್ರ ಆಗದು ಎಂದರು. ಆ ಎರಡನೆಯ ಭಾಗವನ್ನು ಮತಕ್ಕೆ ಹಾಕಿದಾಗ ಇಲ್ಲ ಎಂಬ ಕೂಗೇ ದೊಡ್ಡದಾಗಿ ಕೇಳಿತು. ಅಷ್ಟಕ್ಕೆ ಬಿಡಬಹುದಿತ್ತು. ಯಜಮಾನರು ಬಿಡಲಿಲ್ಲ, ಪರ ವಿರೋಧ ಇರುವವರನ್ನು ನಿಲ್ಲಿಸಿ ಎಣಿಸಬೇಕೆಂದು ಪಟ್ಟು ಹಿಡಿದರು. ಪರವಾಗಿ ನಿಂತವರು ಬೆರಳೆಣಿಕೆಯ ಜನ. ಅವರದೇ ಪಕ್ಷದ ನಾಯಕರು ಶಲ್ಯವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದರು. ಮಸೂದೆ ಪಾಸಾಯಿತು. ಕರಿಯವ್ವನ ಪಾಲಿಗೆ ತಿದ್ದುಪಡಿ ಸತ್ತಿತು, ಮಾಬೂಬೀಯ ಪಾಲಿಗೆ ಬದುಕಿತು. ಅರ್ಧ ಗೆದ್ದೆವು ಎಂದು ವಾಪಸು ಬರುವಾಗ ರೈಲಿನಲ್ಲಿ ಯಜಮಾನರು ಹೇಳಿದರು. ಉಳಿದರ್ಧವನ್ನು ಕರಿಯವ್ವನಿಗೆ ನೀವೇ ಹೋಗಿ ಹೇಳಿ ಎಂದೆ. ಅವರು ಗುತ್ತೂರಿಗೆ ಹೋಗಿ ಹೇಳಿಯೂ ಬಂದರು. ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅವರ ಮುಖಕ್ಕೇ ಬೈದಳಂತೆ, 'ನಾ ಮನಿಯಾಗೇ ಸುತ್ತತೀನಿ, ಅದ್ಯಾವನು ಹಿಡಿತಾನೋ ಹಿಡೀಲಿ' ಎಂದಳಂತೆ. ಸರಿಯಾಗಿಯೇ ಬೈದಿದ್ದಳು.

ಪತ್ರಿಕೆಗಳಲ್ಲಿ ಆ ಸಾಕ್ಷ್ಯಗಳು ಅಚ್ಚಾದವು. ಹರಿಹರದ ಚಹದಂಗಡಿಗಳಲ್ಲಿ ಮಕ್ತುಮ್ ಸಾಬರಿಗೆ ಗಂಡ ತೀರಿಕೊಂಡ ಸುದ್ದಿ ಓದಿ ಓದಿ ಜನ ನಕ್ಕರು. ಪಾಪ, ಆ ಮನುಷ್ಯ ಮಸೀದಿಗೆ ಹೋಗುವಾಗಲೂ ಸಂದಿ ಹಿಡಿದು ಹೋಗುವಂತಾಯಿತು. ಅಂಥ ಮಾತು ನಾನು ಹೇಳಿಲ್ಲ ಎಂದು ಮಾಬೂಬೀ ಜಮಾತಿನ ನಾಲ್ಕು ಜನರ ಮುಂದೆ ಹೇಳಬೇಕು, ಇಲ್ಲದಿದ್ದರೆ ಮನೆ ಬಿಡಬೇಕು ಎಂದರು. ಅವಳು ಮುಮ್ತಾಜಳ ಕೈ ಹಿಡಿದು, ಮೊರವನ್ನು ಕಂಕುಳಲ್ಲಿಟ್ಟುಕೊಂಡು, ನೋಡಿಟ್ಟಿದ್ದ ಕೋಣೆಗೆ ಹೋದಳು. ಕೋಣೆಯೇನೋ ಸಿಕ್ಕಿತು, ಶೆಡ್ಡು ಶುರುವಾಗುವವರೆಗೆ ಒಲೆ ಹೇಗೆ ಹೊತ್ತಿಸಿದಳು ಎಂಬುದು ಅವಳಿಗೂ ನನಗೂ ಗೊತ್ತು. ಈಗ ಕಾರ್ಡು ಸಿಗದಿದ್ದರೆ ಭಾವನ ಬಾಗಿಲಿಗೇ ತಲೆ ಬಗ್ಗಿಸಿ ಮರಳುವುದೊಂದೇ ಉಳಿದಿತ್ತು.

ಕಂಪನಿಯವರು ಹತ್ತಿಯ ಹಳೆಯ ಗೋದಾಮಿಗೆ ಕಿಟಕಿ ಒಡೆಸಿ ಶೆಡ್ಡು ಮಾಡಿದರು. ಶುರುವಾಗುವ ದಿನ ನಾನೂ ಯಜಮಾನರೂ ಹೋದೆವು. ಬಾಗಿಲಲ್ಲಿ ಮೇಜು ಹಾಕಿಕೊಂಡು ಕಂಪನಿಯ ಗುಮಾಸ್ತ ಪಾಲಯ್ಯ ಕಾರ್ಡು ಬರೆಯುತ್ತಿದ್ದ. ಮಾಬೂಬೀ ತನ್ನ ಹೆಸರು ಹೇಳಿದಳು. ಅವನು ಬರೆದ. ಬರೆದು, ಕೆಳಗಿನ ಗೆರೆಗೆ ಬೆರಳಿಟ್ಟು, ಜಾಮೀನು ಯಾರದು ಎಂದ. ಎಲೆ ಪುಡಿ ನಂಬಿ ಕೊಡುವುದು ಹೇಗೆ, ಮನೆಯ ಗಂಡಸರು ಒಬ್ಬರು ಸಹಿ ಹಾಕಬೇಕು, ಸಾಹುಕಾರರ ಅಪ್ಪಣೆ ಎಂದ. ಕಾನೂನಿನಲ್ಲಿ ಅಂಥದ್ದೇನೂ ಇಲ್ಲ ಎಂದು ಯಜಮಾನರು ರೇಗಿದರು. ಇರಬಾರದು ಅಂತಲೂ ಇಲ್ಲವಲ್ಲ ಮೇಷ್ಟ್ರೇ ಎಂದ ಪಾಲಯ್ಯ. ಕೆಂಚವೀರಪ್ಪನವರು ಸಭೆಯಲ್ಲಿ ನಗದೆ ಕೂತದ್ದು ಸುಮ್ಮನೆ ಅಲ್ಲ ಎಂದು ನನಗೆ ಆಗ ತಿಳಿಯಿತು.

ಮಕ್ತುಮ್ ಸಾಬರು ಅಲ್ಲೇ ಬಂದು ನಿಂತಿದ್ದರು.

"ಸಹಿ ನಾ ಹಾಕತೀನಿ ಮಾಬೂಬೀ," ಎಂದರು. "ಅವತ್ತು ಆ ಮಾತು ಅಂದಾಕಿ ನೀನಲ್ಲ ಅಂತ ಇಲ್ಲಿ ಒಂದು ಸಲ ಹೇಳು, ಮನಿಗೆ ನಡಿ. ನಿನಗ ನಾ ಏನು ಕಮ್ಮಿ ಮಾಡಿದ್ದೆ?"

ಅವರ ದನಿಯಲ್ಲಿ ನಿಜವಾದ ನೋವಿತ್ತು, ಸುಳ್ಳು ಹೇಳಲಾರೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ಮಾಬೂಬೀಯನ್ನೇ ನೋಡುತ್ತಿದ್ದರು. ಯಜಮಾನರು ಅವಸರದಲ್ಲಿ ಜೇಬಿನಿಂದ ಪೆನ್ನು ತೆಗೆದು, ಜಾಮೀನು ತಾನೇ, ನಾನು ಹಾಕುತ್ತೇನೆ ಎಂದು ಮುಂದೆ ಬಂದರು.

"ಬ್ಯಾಡ್ರಿ," ಎಂದಳು ಮಾಬೂಬೀ. ಭಾವನಿಗೂ ಮೇಷ್ಟರಿಗೂ ಒಂದೇ ಉತ್ತರ. "ಭಾವಾರು ಹಾಕಿದ್ರೆ ಅವರ ಮನಿಯಾಕಿ. ನೀವು ಹಾಕಿದ್ರೆ ನಿಮ್ಮ ಕಡಿಯಾಕಿ. ಆ ಮಾತು ಅಂದಾಕಿ ನಾನು. ಮತ್ತ ಕೇಳಿದ್ರೆ ಮತ್ತ ಅಂತೀನಿ."

ಹಾಗಾದರೆ ಕಾರ್ಡಿಲ್ಲ ಎಂದು ಪಾಲಯ್ಯ ಅದನ್ನು ಬದಿಗೆ ಸರಿಸಿದ. ನಾನು ಸಾಲನ್ನು ದಾಟಿ ಮೇಜಿನ ಹತ್ತಿರ ಹೋದೆ, ಕಾರ್ಡನ್ನು ಎಳೆದುಕೊಂಡೆ, ಯಜಮಾನರ ಕೈಯಿಂದ ಪೆನ್ನು ತೆಗೆದುಕೊಂಡೆ. ಜಾಮೀನು ನನ್ನದು ಎಂದೆ. ಗಂಡಸರದು ಬೇಕು ಎಂದ ಪಾಲಯ್ಯ. ಯಾವ ಕಾನೂನಿನಲ್ಲಿದೆ, ತೋರಿಸು ಎಂದೆ. ಅವನು ಸಾಲನ್ನು ನೋಡಿದ. ಹೆಂಗಸರು ಒಬ್ಬೊಬ್ಬರಾಗಿ ಮೊರ ಕೆಳಗಿಟ್ಟು ಕೂತುಬಿಟ್ಟಿದ್ದರು. ಮಾಬೂಬೀಯ ಕಾರ್ಡು ಆಗುವ ತನಕ ಯಾರೂ ಒಳಗೆ ಹೋಗುವ ಹಾಗೆ ಕಾಣಲಿಲ್ಲ. ಪಾಲಯ್ಯ ಬೆವರು ಒರೆಸಿಕೊಂಡು, ಇರಲಿ ಅಮ್ಮಾರೇ, ಆದರೆ ಇಂಥವರ ಹೆಂಡತಿ ಎಂದು ಬರೆಯಲೇಬೇಕು, ಯಜಮಾನರ ಹೆಸರು ಹೇಳಿ ಎಂದ.

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಅವರ ಹೆಸರು ಗೊತ್ತಿಲ್ಲದ ಹುಳವೂ ಆ ಊರಿನಲ್ಲಿರಲಿಲ್ಲ. ಪದ್ಧತಿಯಂತೆ ಹೇಳಿಬಿಡೋಣ ಎಂದು ನನ್ನ ಹಿಂದಿನವಳು ಬಾಯಿ ತೆರೆದಳು. ನಾನು ಕೈ ಎತ್ತಿ ತಡೆದೆ.

"ಗಂಡನ ಹೆಸರು ಬಾಯಾಗ ತರಬಾರದು ಅಂತ ನಮ್ಮವ್ವ ಕಲಿಸ್ಯಾಳ ಪಾಲಯ್ಯ," ಎಂದೆ. "ನನ್ನ ಹೆಸರು ಹೇಳಬಾರದು ಅಂತ ಯಾರೂ ಕಲಿಸಿಲ್ಲ. ಕೊಟ್ರವ್ವ. ಅಷ್ಟೇ ಬರ್ಕೋ."

ಅವನು ಯಜಮಾನರ ಮುಖ ನೋಡಿದ. ಯಜಮಾನರು ಬೇರೆ ಕಡೆ ನೋಡಿದರು. ಅವನು ಬರೆದ, ನಾನು ಸಹಿ ಹಾಕಿದೆ. ಮಾಬೂಬೀ ಎಲೆಯ ಕಟ್ಟು ತೆಗೆದುಕೊಂಡು ಒಳಗೆ ಹೋಗಿ, ಕಿಟಕಿಯ ಕೆಳಗೆ ಬೆಳಕು ಬೀಳುವ ಜಾಗ ನೋಡಿ ಕೂತಳು.